ಚೌಡಕಿ ಮೇಳ ಕೂಡುವುದು ಎಲ್ಲಿ?

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ನೆರೆಯುವ ಜನರ ನಡುವೆ ಚೌಡಕಿ ಪದಗಳು ಕೇಳಿಬರುತ್ತವೆ. ಒಬ್ಬರು ಚೌಡಕಿ ಮೀಟುತ್ತ ಅಮ್ಮನ ಕಥೆ ಹಾಡುತ್ತಾರೆ, ಪಕ್ಕದವರು ತುಂತುಣಿಯಲ್ಲಿ ಶ್ರುತಿ ಹಿಡಿಯುತ್ತಾರೆ, ಮತ್ತೊಬ್ಬರ ಕೈಯಲ್ಲಿ ತಾಳ. ಸೊಲ್ಲು ಮುಗಿಯುವ ಹೊತ್ತಿಗೆ ಹಿಮ್ಮೇಳದವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಬಯಲಲ್ಲಿ ಗೋಡೆಯಿಲ್ಲ, ಮಿಕ್ಸರ್ ಇಲ್ಲ, ಆದರೂ ಆ ದನಿಗಳೆಲ್ಲ ಒಂದೇ ಮೇಳವಾಗಿ ಕಿವಿಗೆ ಬರುತ್ತವೆ. ಇದೇ ಪದವನ್ನು ಸ್ಟುಡಿಯೋದಲ್ಲಿ ಒಂದೊಂದು ದನಿಯನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಧ್ವನಿಮುದ್ರಿಸಿ ಜೋಡಿಸಿದಾಗ ಎಷ್ಟೋ ಸಲ ಎಲ್ಲವೂ ಬಿಡಿಬಿಡಿಯಾಗಿಯೇ ಉಳಿಯುತ್ತವೆ. ಆಗ ಎಲ್ಲದರ ಮೇಲೂ ಒಂದು ಕಂಪ್ರೆಸರ್, ಒಂದಿಷ್ಟು ರಿವರ್ಬ್ ಹಾಕಿ ಅಂಟಿಸುವ ಪ್ರಯತ್ನ ನಡೆಯುತ್ತದೆ. ಆ ಉಪಾಯಗಳು ಸುಳ್ಳಲ್ಲ, ಆದರೆ ಅವುಗಳ ಪಾಲು ಚಿಕ್ಕದು. ಮೇಳ ಕೂಡುವುದು ಅದಕ್ಕೂ ಬಹಳ ಮೊದಲೇ. ದನಿಗಳನ್ನು ಒಂದರಂತೆ ಒಂದು ಮಾಡುವುದರಿಂದ ಅದು ಕೂಡುವುದಿಲ್ಲ. ಕಾಲವನ್ನೂ ಶ್ರುತಿಯನ್ನೂ ಎಲ್ಲಕ್ಕೂ ಒಂದೇ ಆಗಿಸಿ, ಉಳಿದ ವಿಷಯದಲ್ಲಿ ಪ್ರತಿ ದನಿಗೂ ಅದರದೇ ಜಾಗ ಬಿಟ್ಟುಕೊಟ್ಟಾಗ ಕೂಡುತ್ತದೆ.

ಕಿವಿಯ ಕೆಲಸ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಚೌಡಕಿ, ತಾಳ, ಕಂಠ ಎಲ್ಲವೂ ಗಾಳಿಯಲ್ಲಿ ಬೆರೆತು ಒಂದೇ ಒತ್ತಡದ ಅಲೆಯಾಗಿ ಕಿವಿದೆರೆಗೆ ಬಡಿಯುತ್ತವೆ. ಅದರಲ್ಲಿ ಯಾವುದು ಯಾವುದಕ್ಕೆ ಸೇರಿದ್ದು ಎಂದು ಮಿದುಳೇ ವಿಂಗಡಿಸಬೇಕು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬ್ರೆಗ್‌ಮನ್ 1990ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಂಗಡಣೆಯ ನಿಯಮಗಳನ್ನು ವಿವರಿಸುತ್ತದೆ. ಒಟ್ಟಿಗೆ ಹುಟ್ಟಿದ್ದು, ಒಟ್ಟಿಗೆ ಏರಿಳಿದದ್ದು, ಒಂದೇ ಮೂಲಸ್ವರದ ಗುಣಕಗಳಾಗಿ ಕೂತದ್ದು ಒಂದೇ ಗುಂಪಿನದು ಎಂದು ಮಿದುಳು ಎಣಿಸುತ್ತದೆ. ಇವುಗಳಲ್ಲಿ ಒಟ್ಟಿಗೆ ಹುಟ್ಟುವುದು ಬಹಳ ಬಲವಾದ ಸುಳಿವು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ ಮೇಳದಲ್ಲಿ ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟಲು 3 ಮಿಲಿಸೆಕೆಂಡ್ ಸಾಕು. ಗುಡ್ಡದ ತುಂಬ ಹರಡಿದ ಜನ ‘ಉಧೋ ಉಧೋ’ ಎಂದಾಗ 100 ಮೀಟರ್ ಆಚೆಯ ಕೂಗು 0.3 ಸೆಕೆಂಡ್ ತಡವಾಗಿ ತಲಪುತ್ತದೆ. ಅದಕ್ಕೇ ಆ ಕೂಗು ಅಲೆಯಾಗಿ ಉರುಳುತ್ತ ಬರುತ್ತದೆ, ಚೌಡಕಿಯ ಪೆಟ್ಟಿನ ಹಾಗೆ ಒಂದೇ ಬಿಂದುವಿನಲ್ಲಿ ಬೀಳುವುದಿಲ್ಲ. ಹಾಗೆಂದು ಎಲ್ಲ ಪೆಟ್ಟುಗಳೂ ಕಂಪ್ಯೂಟರಿನ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂರಬೇಕೆಂದಲ್ಲ. ನೆದರ್‌ಲೆಂಡ್ಸಿನ ರುಡಾಲ್ಫ್ ರಾಶ್ 1979ರಲ್ಲಿ ಅಳೆದಂತೆ, ನುರಿತ ವಾದಕರು ಜತೆಗೂಡಿ ನುಡಿಸುವಾಗಲೂ ಸ್ವರಗಳ ಆರಂಭದಲ್ಲಿ 30ರಿಂದ 50 ಮಿಲಿಸೆಕೆಂಡಿನಷ್ಟು ಹೆಚ್ಚುಕಡಿಮೆ ಇರುತ್ತದೆ. ಕೇಳುವವರಿಗೆ ಅದು ತಪ್ಪೆನಿಸುವುದಿಲ್ಲ, ಮೇಲಾಗಿ ಒಂದೊಂದು ವಾದ್ಯವನ್ನೂ ಗುರುತಿಸಲು ಆ ಸಣ್ಣ ಅಂತರವೇ ನೆರವಾಗುತ್ತದೆ. ಪ್ರತಿ ಪೆಟ್ಟನ್ನೂ ಯಂತ್ರದಿಂದ ಸರಿಪಡಿಸುವವರು ಕೂಡಿಸುವ ಭರದಲ್ಲಿ ಈ ನೆರವನ್ನು ಅಳಿಸಿಹಾಕುತ್ತಾರೆ.

ಎರಡನೆಯದು ಶ್ರುತಿ. ಇಲ್ಲಿ ಚೌಡಕಿಯ ರಚನೆ ನಿಜಕ್ಕೂ ಬೆರಗಿನದು. ಟೊಳ್ಳು ಕೊಳವೆಯ ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟ ತಂತಿ, ಅಷ್ಟೇ. ಬರಿಯ ಚರ್ಮವನ್ನು ಬಡಿದರೆ ಹೊರಡುವ ಕಂಪನಗಳು 1, 1.59, 2.14, 2.30 ಎಂಬ ಒಂದಕ್ಕೊಂದು ಹೊಂದದ ಪ್ರಮಾಣದಲ್ಲಿರುತ್ತವೆ. ಅವು ಸ್ವರವಾಗಿ ನಿಲ್ಲುವುದಿಲ್ಲ, ಸದ್ದಾಗಿ ಚೆದರುತ್ತವೆ. ತಬಲಾ ಮತ್ತು ಮೃದಂಗಗಳಲ್ಲಿ ಚರ್ಮದ ನಡುವೆ ಮೆತ್ತಿದ ಕರಣೆ ಈ ಕಂಪನಗಳನ್ನು 1, 2, 3, 4, 5ರ ಸಾಲಿಗೆ ತರುತ್ತದೆ ಎಂಬುದನ್ನು ಸಿ.ವಿ. ರಾಮನ್ ಮೊದಲು 1920ರಲ್ಲಿ, ಆಮೇಲೆ ಬೆಂಗಳೂರಿನಲ್ಲಿದ್ದಾಗ 1934ರಲ್ಲಿ ವಿಸ್ತಾರವಾಗಿ ತೋರಿಸಿದರು. ಚೌಡಕಿಗೆ ಕರಣೆಯಿಲ್ಲ. ಅಲ್ಲಿ ಆ ಕೆಲಸ ತಂತಿಯದು: ತಂತಿ ಕಂಪಿಸಿದ ಹಾಗೆ ಚರ್ಮ ಕಂಪಿಸಬೇಕು, ಆದ್ದರಿಂದ ಚರ್ಮದಿಂದ ಹೊರಡುವ ದನಿಯೂ ತಂತಿಯ ಶ್ರುತಿಯನ್ನೇ ಹೊತ್ತಿರುತ್ತದೆ. ತಂತಿಯ ಬಿಗಿಯನ್ನು ಶೇಕಡ 12ರಷ್ಟು ಏರಿಸಿದರೆ ಶ್ರುತಿ ಅರ್ಧಸ್ವರದಷ್ಟು ಮೇಲೇರುತ್ತದೆ. ಹೀಗೆ ಲಯ ಮತ್ತು ಸ್ವರ ಎರಡೂ ಒಂದೇ ಮೀಟಿನಲ್ಲಿ ಹುಟ್ಟುತ್ತವೆ. ತುಂತುಣಿಯ ತಂತಿಯನ್ನು ಹಾಡುವವರ ಕಂಠಕ್ಕೆ ಹೊಂದಿಸಿರುತ್ತಾರೆ. ಒಂದು ಸಂಯುಕ್ತ ಸ್ವರದ ಒಂದೇ ಒಂದು ಉಪಸ್ವರವನ್ನು ಶೇಕಡ 1ರಿಂದ 3ರಷ್ಟು ಸರಿಸಿದರೂ ಅದು ಗುಂಪಿನಿಂದ ಜಿಗಿದು ಬೇರೆಯಾಗಿ ಕೇಳುತ್ತದೆಂದು ಕೇಂಬ್ರಿಜ್‌ನ ಬ್ರಿಯಾನ್ ಮೂರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಕಂಡುಕೊಂಡರು. ಕೀಬೋರ್ಡಿನ ಸ್ಥಿರ ಶ್ರುತಿಗೂ ಹಾಡುವವರ ಕಂಠಕ್ಕೂ ಇಷ್ಟು ಅಂತರ ಬಿದ್ದರೆ ಯಾವ ರಿವರ್ಬೂ ಅದನ್ನು ಮುಚ್ಚಲಾರದು.

ಇಲ್ಲೊಂದು ಆಕ್ಷೇಪ ಬರುತ್ತದೆ. ಕೂಡುವುದೆಂದರೆ ಬೆರೆಯುವುದು, ಹಾಗಾದರೆ ದನಿಗಳು ಹತ್ತಿರ ಹತ್ತಿರ ಬಂದಷ್ಟೂ ಒಳ್ಳೆಯದಲ್ಲವೇ? ಒಳಗಿವಿಯ ಸುರುಳಿ ಇದಕ್ಕೆ ಒಪ್ಪುವುದಿಲ್ಲ. ಸುಮಾರು 35 ಮಿಲಿಮೀಟರ್ ಉದ್ದದ ಆ ಸುರುಳಿಯಲ್ಲಿ ಬೇರೆ ಬೇರೆ ಕಂಪನಗಳಿಗೆ ಬೇರೆ ಬೇರೆ ಜಾಗಗಳಿವೆ. ಜರ್ಮನಿಯ ಎಬರ್‌ಹಾರ್ಡ್ ಜ್ವಿಕರ್ 1961ರಲ್ಲಿ ಕೇಳುವ ವ್ಯಾಪ್ತಿಯನ್ನು 24 ಪಟ್ಟಿಗಳಾಗಿ ವಿಂಗಡಿಸಿದರು. 1000 ಹರ್ಟ್ಸ್ ಸುತ್ತಲಿನ ಪಟ್ಟಿಯ ಅಗಲ ಸುಮಾರು 160 ಹರ್ಟ್ಸ್. ಒಂದೇ ಪಟ್ಟಿಯೊಳಗೆ ಎರಡು ದನಿಗಳು ಬಿದ್ದರೆ ಜೋರಿನದು ಮೆಲುವಾದದ್ದನ್ನು ನುಂಗುತ್ತದೆ. ತಗ್ಗು ದನಿ ಮೇಲಿನದನ್ನು ಮುಚ್ಚುವಷ್ಟು ಸುಲಭವಾಗಿ ಮೇಲಿನದು ತಗ್ಗಿನದನ್ನು ಮುಚ್ಚುವುದಿಲ್ಲ. ಜಾತ್ರೆಯ ಪೆಂಡಾಲಿನಲ್ಲಿ ಬೇಸ್ ಏರಿಸಿದ ಕೂಡಲೇ ಪದದ ಮಾತು ಕೇಳದೆ ಹೋಗುವುದು ಇದರಿಂದಲೇ. ಚೌಡಕಿ ಪದದ ಜೀವ ಇರುವುದು ಕಥೆಯಲ್ಲಿ, ಮಾತು ಮುಳುಗಿದರೆ ಉಳಿಯುವುದು ಗದ್ದಲ. ಮೇಳದ ಜಾಗ ಹಂಚಿಕೆ ನೋಡಿ: ತಾಳದ ಲೋಹದ ಕಿಣಿ ಎಲ್ಲಕ್ಕಿಂತ ಮೇಲಿನ ಕಂಪನಗಳಲ್ಲಿ ಕ್ಷಣಮಾತ್ರ ಮಿಂಚುತ್ತದೆ, ತುಂತುಣಿ ಬದಲಾಗದೆ ಒಂದೇ ಸ್ವರದಲ್ಲಿ ನಿಂತು ಗಮನದ ಹಿನ್ನೆಲೆಗೆ ಸರಿಯುತ್ತದೆ, ಕಂಠಕ್ಕೆ ನಡುವಿನ ಜಾಗ ತೆರವಾಗಿರುತ್ತದೆ. ಕಂಪನದಲ್ಲಿ ಜಾಗ ಸಾಲದಿದ್ದಾಗ ಕಾಲವನ್ನು ಹಂಚಿಕೊಳ್ಳುತ್ತಾರೆ. ಬೈಲಹೊಂಗಲ ಸೀಮೆಯ ಬೈಲವಾಡದ ಘಟನೆಯಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ದಂಥ ಸಣ್ಣಾಟಗಳಲ್ಲೂ ಹೀಗೆಯೇ, ಮುಮ್ಮೇಳ ಉಸಿರೆಳೆದುಕೊಳ್ಳುವಲ್ಲಿ ಹಿಮ್ಮೇಳ ತುಂಬುತ್ತದೆ. ಸ್ಟುಡಿಯೋದಲ್ಲಿ ಇಕ್ವಲೈಜರ್ ಹಿಡಿದು ಮಾಡುವ ಕೆಲಸದ ಬಹುಪಾಲನ್ನು ಇಲ್ಲಿ ವಾದ್ಯಗಳ ಆಯ್ಕೆ ಮತ್ತು ಹಾಡಿನ ಕಟ್ಟು ಮುಗಿಸಿರುತ್ತವೆ.

ಕಂಪ್ರೆಸರ್ ಕೆಲಸ ಮಾಡುವುದೇ ಇಲ್ಲವೇ ಎಂದು ಧ್ವನಿಮುದ್ರಣಕಾರರು ಕೇಳಬಹುದು. ಮಾಡುತ್ತದೆ, ಮತ್ತು ಏಕೆಂಬುದೂ ತಿಳಿದಿದೆ. ಇಡೀ ಮಿಶ್ರಣದ ಮೇಲೆ ಅದನ್ನು ಇಟ್ಟಾಗ ಒಂದು ಜೋರು ಪೆಟ್ಟು ಬಿದ್ದರೆ ಎಲ್ಲ ದನಿಗಳೂ ಒಂದೇ ಕ್ಷಣ ಸ್ವಲ್ಪ ತಗ್ಗಿ ಮತ್ತೆ ಏರುತ್ತವೆ. ಒಟ್ಟಿಗೆ ಏರಿಳಿದದ್ದು ಒಂದೇ ಗುಂಪು ಎಂಬ ನಿಯಮ ಆಗ ನೆರವಿಗೆ ಬರುತ್ತದೆ. ಆದರೆ ಒಂದೆರಡು ಡೆಸಿಬೆಲ್ ದಾಟಿ ಒತ್ತಿದರೆ ಪ್ರತಿ ಪೆಟ್ಟಿಗೂ ಕಂಠ ಕುಸಿದು ಏದುಸಿರು ಬಿಟ್ಟಂತಾಗುತ್ತದೆ. ರಿವರ್ಬಿನದೂ ಇಂಥದೇ ಮಿತಿ. ಒಣ ಕೋಣೆಗಳಲ್ಲಿ ಬೇರೆ ಬೇರೆಯಾಗಿ ಸೆರೆಹಿಡಿದ ದನಿಗಳಿಗೆ ಒಂದೇ ಅಂಗಳದ ಭಾಸ ಕೊಡುವುದರಲ್ಲಿ ಅದಕ್ಕೆ ನಿಜವಾದ ಉಪಯೋಗವಿದೆ. ಆದರೆ ತೆರೆದ ಬಯಲಲ್ಲಿ ಮಾರ್ದನಿ ಬಹಳ ಕಡಿಮೆ, ಮೇಳ ಮಾತ್ರ ಅಲ್ಲೂ ಚೆನ್ನಾಗಿಯೇ ಕೂಡಿರುತ್ತದೆ. ಮಾರ್ದನಿಯೇ ಕೂಡಿಸುವ ಕಾರಣವಾಗಿದ್ದರೆ ಎಲ್ಲಮ್ಮನ ಗುಡ್ಡದ ಬಯಲಲ್ಲಿ ಚೌಡಕಿ ಪದ ಚೂರುಚೂರಾಗಿ ಕೇಳಬೇಕಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಅಮೆರಿಕದ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಕಂಪನಿಯ 8 ಟ್ರ್ಯಾಕಿನ ಯಂತ್ರ ಕೊಂಡ ಮೇಲೆ ಜಗತ್ತಿನ ಅರ್ಧ ಸಂಗೀತ ತುಂಡುತುಂಡಾಗಿಯೇ ಧ್ವನಿಮುದ್ರಣವಾಗಿದೆ, ನಮ್ಮ ಸಿನಿಮಾ ಹಾಡುಗಳೂ ಸಹ, ಅವು ಕೂಡಿಲ್ಲವೇ? ಕೂಡಿವೆ. ಆದರೆ ಚೆನ್ನಾಗಿ ಕೂಡಿದ ಹಾಡುಗಳಲ್ಲಿ ಯಾರಿಗೆ ಯಾವ ಜಾಗ ಎಂಬುದನ್ನು ಸಂಗೀತ ಸಂಯೋಜಕ ಮೊದಲೇ ಬರೆದಿಟ್ಟಿರುತ್ತಾನೆ, ನಂತರ ಬಂದವರು ಮೊದಲು ನುಡಿಸಿದವರನ್ನು ಹೆಡ್‌ಫೋನಿನಲ್ಲಿ ಕೇಳಿಕೊಂಡೇ ನುಡಿಸುತ್ತಾರೆ. ಚೌಡಕಿ ಪದಕ್ಕೆ ಅಂಥ ಬರಹವಿಲ್ಲ, ಕಥೆ ಹೇಳುವವರು ಒಂದು ಸಾಲನ್ನು ಎಲ್ಲಿ ಎಳೆಯುತ್ತಾರೆ ಎಂಬುದು ಆ ಹೊತ್ತಿಗೆ ತೀರ್ಮಾನವಾಗುವುದು. ಸುತ್ತಲ ಸದ್ದು ಏರಿದಂತೆ ಮನುಷ್ಯನ ದನಿಯೂ ತಾನಾಗಿ ಏರುತ್ತದೆಂದು ಫ್ರಾನ್ಸಿನ ಎತಿಯೆನ್ ಲೊಂಬಾರ್ 1911ರಲ್ಲಿ ತಿಳಿಸಿದರು. ಪಕ್ಕದವರನ್ನು ಕೇಳುತ್ತ ಹಾಡುವವರ ದನಿ ಕ್ಷಣಕ್ಷಣಕ್ಕೂ ಹೀಗೆ ಹೊಂದಿಕೊಳ್ಳುತ್ತಿರುತ್ತದೆ. ಒಂಟಿಯಾಗಿ ಹಾಡಿಸಿದ ಟ್ರ್ಯಾಕಿನಲ್ಲಿ ಆ ಹೊಂದಾಣಿಕೆ ಹುಟ್ಟಿಯೇ ಇರುವುದಿಲ್ಲ, ಇಲ್ಲದ್ದನ್ನು ಮಿಕ್ಸಿಂಗ್ ತರಲಾರದು. ಆದ್ದರಿಂದ ಮನೋಳಿಯಲ್ಲಾಗಲಿ ರಾಮದುರ್ಗದಲ್ಲಾಗಲಿ ಈ ಪದಗಳನ್ನು ಧ್ವನಿಮುದ್ರಿಸುವವರು ಮೇಳವನ್ನು ಅದು ಕೂರುವ ರೀತಿಯಲ್ಲೇ ಕೂರಿಸಬೇಕು. ಎದುರಿಗೆ ಇಡೀ ಮೇಳಕ್ಕೊಂದು ಮೈಕು, ಹಾಡುವವರ ಹತ್ತಿರ ಇನ್ನೊಂದು. ತಾಳ ಜೋರಾದರೆ ತಾಳದವರನ್ನು ಎರಡು ಹೆಜ್ಜೆ ಹಿಂದೆ ಕೂರಿಸಿದರಾಯಿತು. ಮೊದಲು ಆ ಎದುರಿನ ಮೈಕನ್ನಷ್ಟೇ ಕೇಳಬೇಕು, ಮಾತು ತಿಳಿಯದ ಕಡೆ ಮಾತ್ರ ಹತ್ತಿರದ ಮೈಕನ್ನು ಏರಿಸಬೇಕು.