ಮನೆ ಕೊಳ್ಳುವ ಮೊದಲು ಗಾಳಿಯ ಲೆಕ್ಕ

ಅಮೆರಿಕದಲ್ಲಿರುವ ಮಗ ಒಂದು ಭಾನುವಾರ ಫೋನ್ ಮಾಡಿ, "ಅಪ್ಪ, ಒಕ್ಲಹೋಮ ರಾಜ್ಯದ ಮೂರ್ ಅನ್ನೋ ಊರಿಗೆ ಹೋಗ್ತಿದ್ದೀವಿ. ಅಲ್ಲೇ ಮನೆ ಕೊಳ್ಳೋಣ ಅಂತ" ಎಂದ. ಒಂಬತ್ತು ವರ್ಷದ ಮೊಮ್ಮಗಳು ಫೋನ್ ಕಿತ್ತುಕೊಂಡು, "ತಾತ, ಅಲ್ಲಿ ಟೊರ್ನಾಡೊ ಬರುತ್ತೆ. ನಾನು ಹೋಗಲ್ಲ" ಎಂದು ಅತ್ತುಬಿಟ್ಟಳು.

ಮಕ್ಕಳೇ, ಟೊರ್ನಾಡೊ ಎಂದರೆ ಸುಂಟರಗಾಳಿ. ನಮ್ಮ ಮೇಲುಕೋಟೆ ಬೆಟ್ಟದ ಕೆಳಗಿನ ಹೊಲಗಳಲ್ಲಿ ಬೇಸಿಗೆಯ ಮಧ್ಯಾಹ್ನ ದೂಳು, ತರಗೆಲೆ ಎತ್ತಿಕೊಂಡು ಗಿರ್ರನೆ ಸುತ್ತುವುದನ್ನೂ ನಾವು ಹಾಗೆಯೇ ಕರೆಯುತ್ತೇವೆ. ಆದರೆ ಅದು ಕಾದ ನೆಲದಿಂದ ಎದ್ದು ಸ್ವಲ್ಪ ಹೊತ್ತಿಗೆ ಅಡಗುತ್ತದೆ. ಟೊರ್ನಾಡೊ ಗುಡುಗಿನ ಮೋಡದಿಂದ ಆನೆಯ ಸೊಂಡಿಲಿನಂತೆ ನೆಲಕ್ಕೆ ಇಳಿಯುತ್ತದೆ. 2013ರ ಮೇ 20ರಂದು ಮೂರ್ ಊರಿನ ಮೇಲೆ ಹಾದುಹೋದ ಸುಂಟರಗಾಳಿಗೆ 24 ಜನ ಬಲಿಯಾದರು. ಅವರಲ್ಲಿ ಏಳು ಮಕ್ಕಳು ಒಂದೇ ಶಾಲೆಯವರು. 1999ರ ಮೇ 3ರಂದೂ ಅದೇ ಊರಿಗೆ ಅಷ್ಟೇ ಬಲದ ಗಾಳಿ ಬಡಿದಿತ್ತು.

ಮಗುವಿನ ಭಯ ಸುಳ್ಳಲ್ಲ. "ಹೆದರಬೇಡ" ಎಂದುಬಿಟ್ಟರೆ ಆಗುವುದಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಮನೆ ಸಾಲಕ್ಕೆ ಬಂದವರ ಗೋಡೆಯ ಬಣ್ಣ ನೋಡಿ ನಾವು ಸಾಲ ಕೊಡುತ್ತಿರಲಿಲ್ಲ; ಹಿಂದಿನ ವರ್ಷಗಳ ಋಣಭಾರ ಪತ್ರ ತರಿಸಿ ನೋಡುತ್ತಿದ್ದೆವು. "ಊರಿಗೂ ಅಂಥದೊಂದು ಪತ್ರ ಇರುತ್ತೆ, ಪುಟ್ಟಿ. ನೋಡೋಣ ಬಾ" ಎಂದೆ.

ಮೊದಲ ಪ್ರಶ್ನೆ: ಹಿಂದೆ ಏನಾಗಿದೆ? ಅಮೆರಿಕದಲ್ಲಿ 1950ರಿಂದ ಈಚಿನ ಸುಂಟರಗಾಳಿಗಳ ದಾಖಲೆ ಯಾರು ಬೇಕಾದರೂ ನೋಡಬಹುದು. ಇಲ್ಲಿ ಒಂದು ಎಚ್ಚರ ಬೇಕು. ಸಂಖ್ಯೆಯಲ್ಲಿ ಟೆಕ್ಸಾಸ್ ರಾಜ್ಯವೇ ಮುಂದು. ಆದರೆ ಅದು ಬಹಳ ದೊಡ್ಡ ರಾಜ್ಯ. ಆದ್ದರಿಂದ ಒಟ್ಟು ಸಂಖ್ಯೆಗಿಂತ ನಮ್ಮ ಊರಿನ ಸುತ್ತ ಎಷ್ಟು ಬಂದಿವೆ, ಎಷ್ಟು ಬಲದವು ಎಂದು ನೋಡಬೇಕು. ಜಪಾನಿನಲ್ಲಿ ಹುಟ್ಟಿದ ವಿಜ್ಞಾನಿ ಫುಜಿಟಾ 1971ರಲ್ಲಿ ಬಲವನ್ನು 0ಯಿಂದ 5ರವರೆಗೆ ಅಳೆಯುವ ಕ್ರಮ ತಂದರು. ಹೆಚ್ಚಿನವು 0 ಅಥವಾ 1ರ ದರ್ಜೆಯವೇ. ಮೂರ್‌ನ ಆ ಎರಡೂ ಮಾತ್ರ 5.

ಎರಡನೆಯದು: ಅಡಗಲು ಜಾಗ ಎಲ್ಲಿ? ನೆಲಮಾಳಿಗೆ ಒಳ್ಳೆಯದು. ಅಲ್ಲಿ ಬಹುಪಾಲು ಮನೆಗಳಿಗೆ ಅದಿಲ್ಲ. ಹಾಗಾಗಿ ಗ್ಯಾರೇಜಿನ ನೆಲದೊಳಗೆ ಉಕ್ಕಿನ ಆಶ್ರಯ ಕೋಣೆ ಹಾಕಿಸುತ್ತಾರೆ. ಅದೂ ಇಲ್ಲದಿದ್ದರೆ ಕೆಳ ಅಂತಸ್ತಿನ, ಕಿಟಕಿಯಿಲ್ಲದ ಒಳಕೋಣೆಯೇ ಗತಿ. ಮನೆ ಕಟ್ಟಿದ ವರ್ಷವನ್ನೂ ಕೇಳಬೇಕು. ಗಂಟೆಗೆ ಸುಮಾರು 217 ಕಿಲೋಮೀಟರ್ ಗಾಳಿ ತಡೆಯುವಂತೆ ಮನೆ ಕಟ್ಟಬೇಕೆಂದು ಮೂರ್ ನಗರ 2014ರಲ್ಲಿ ನಿಯಮ ತಂದಿತು.

ಮೂರನೆಯದು: ಶಾಲೆಯಲ್ಲಿ ಆಶ್ರಯ ಕೋಣೆ ಇದೆಯೇ? ಮಕ್ಕಳು ಹಗಲೆಲ್ಲ ಇರುವುದು ಅಲ್ಲೇ ತಾನೆ?

ನಾಲ್ಕನೆಯದು: ಸುದ್ದಿ ಹೇಗೆ ತಿಳಿಯುತ್ತದೆ? "ವಾಚ್" ಎಂದರೆ ಬರಬಹುದು, ಸಿದ್ಧರಾಗಿರಿ. "ವಾರ್ನಿಂಗ್" ಎಂದರೆ ಗಾಳಿ ಕಣ್ಣಿಗೆ ಬಿದ್ದಿದೆ ಅಥವಾ ರಾಡಾರ್‌ನಲ್ಲಿ ಅದರ ಸುಳಿವು ಸಿಕ್ಕಿದೆ, ಒಳಗೆ ಹೋಗಿ. ಸೈರನ್ ಇರುವುದು ಹೊರಗಿದ್ದವರಿಗೆ. ರಾತ್ರಿ ಮಲಗಿದವರಿಗೆ ಫೋನಿನ ಎಚ್ಚರಿಕೆಯೂ ಬೇಕು. 2013ರಲ್ಲಿ ಗಾಳಿ ನೆಲ ಮುಟ್ಟುವ 16 ನಿಮಿಷ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಅಡಗುವ ಜಾಗ ಗೊತ್ತಿದ್ದವರಿಗೆ ಅಷ್ಟು ಸಮಯ ಸಾಕು.

ಈ ಪ್ರಶ್ನೆಗಳು ನಮಗೂ ಬೇಕು. ಶ್ರೀರಂಗಪಟ್ಟಣದ ಹೊಳೆಯಂಚಿನಲ್ಲಿ ಸೈಟು ನೋಡುವವರು, ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಾಗ ಕಾವೇರಿ ಎಲ್ಲಿಯವರೆಗೆ ಬರುತ್ತಾಳೆ ಎಂದು ಹಿರಿಯರನ್ನು ಕೇಳಬೇಕು. ಪಾಂಡವಪುರದ ಕಡೆ ಶೀಟಿನ ಮನೆ ಹಿಡಿಯುವವರು ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಶೀಟು ಭದ್ರವೇ, ತೆಂಗಿನ ಮರ ಸೂರಿನ ಮೇಲೆ ಬಾಗಿದೆಯೇ ಎಂದು ನೋಡಬೇಕು.

ಮಗ ಎರಡು ಮನೆ ಬಿಟ್ಟು ಮೂರನೆಯದನ್ನು ಒಪ್ಪಿದ, ಆಶ್ರಯ ಕೋಣೆ ಹಾಕಿಸಿದ ಮೇಲೆಯೇ ಸಾಮಾನು ಇಳಿಸಿದ. ಸೊಸೆ ಮಗುವನ್ನು ಶಾಲೆಗೆ ಕರೆದೊಯ್ದು ಅಲ್ಲಿನ ಕೋಣೆಯನ್ನೂ ತೋರಿಸಿಕೊಂಡು ಬಂದಳು.

ಮೊನ್ನೆ ಮೊಮ್ಮಗಳು ಫೋನ್ ಮಾಡಿದ್ದಳು. "ತಾತ, ನಮ್ಮ ಕೋಣೇಲಿ ಆರು ಜನ ಕೂರಬಹುದು. ನಾವು ನಾಲ್ಕು ಜನ. ಉಳಿದ ಎರಡು ಜಾಗ ನಿನಗೆ, ಅಜ್ಜಿಗೆ. ಬರುವಾಗ ಪುಳಿಯೋಗರೆ ಗೊಜ್ಜು ತಾ."