ಕುದುರೆಯ ದಾರಿ, ಹಳ್ಳಿಯ ಜಗಲಿ

ಮಾಕಳಿದುರ್ಗಕ್ಕಾಗಲಿ ಶಿವಗಂಗೆಗಾಗಲಿ ಈಗ ಹೋಗುವವರು ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು ಮಧ್ಯಾಹ್ನದೊಳಗೆ ಹಿಂದಿರುಗಿಬಿಡುತ್ತಾರೆ. ಬೆಟ್ಟವನ್ನು ಕಂಡಂತಾಯಿತು, ಬೆಟ್ಟದ ಬುಡದ ಹಳ್ಳಿಯನ್ನು ಕಂಡಂತಾಗಲಿಲ್ಲ. ಕುದುರೆಯೇರಿ ಹಳ್ಳಿಯಿಂದ ಹಳ್ಳಿಗೆ ಸಾಗಿ, ರಾತ್ರಿ ಅಲ್ಲಿಯ ಮನೆಗಳಲ್ಲೇ ತಂಗುವ ಪ್ರವಾಸವು ರಾಜಸ್ಥಾನದಲ್ಲಿಯೂ ದೂರದ ಕಿರ್ಗಿಸ್ತಾನದಲ್ಲಿಯೂ ನಡೆಯುತ್ತಿದೆ. ನಮ್ಮ ದೊಡ್ಡಬಳ್ಳಾಪುರ, ನೆಲಮಂಗಲಗಳ ಸೀಮೆಗೆ ಅದು ಒಗ್ಗೀತೇ ಎಂಬುದನ್ನು ಇಲ್ಲಿ ವಿಚಾರಿಸಿದ್ದೇನೆ.

ಹಿಂದೆ ಪಯಣವೆಂದರೆ ಹೀಗೆಯೇ ಇತ್ತು. ೧೮೦೦ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ದೊಡ್ಡಬಳ್ಳಾಪುರವನ್ನೂ ಹಾದುಹೋದನು. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಗ್ರಂಥವು ದಿನಚರಿಯ ರೂಪದಲ್ಲಿದೆ: ಇಂದು ಈ ಊರು, ನಾಳೆ ಆ ಊರು. ನಮ್ಮ ಹಿರಿಯರ ಹರದಾರಿಯೂ ಇಂತಹ ಪಯಣದ ಅಳತೆಯೇ. ಅದು ಸುಮಾರು ಮೂರು ಮೈಲಿ. ಕುದುರೆಯನ್ನು ಓಡಿಸದೆ ನಡೆಸಿದರೆ ಗಂಟೆಗೆ ನಾಲ್ಕು ಮೈಲಿಯಷ್ಟೇ.

ಕುದುರೆಯ ಶರೀರಧರ್ಮವನ್ನು ಅರಿಯದೆ ಈ ಕೆಲಸಕ್ಕೆ ಕೈಹಾಕಬಾರದು. ಅದು ಎತ್ತಿನಂತೆ ಮೆಲುಕು ಹಾಕುವ ಪ್ರಾಣಿಯಲ್ಲ. ಎತ್ತು ಬೇಗ ಬೇಗ ಮೇದು, ರಾತ್ರಿ ಮಲಗಿಕೊಂಡು ಮೆಲುಕಾಡೀತು. ಕುದುರೆಯ ಜಠರ ದೇಹಕ್ಕೆ ಹೋಲಿಸಿದರೆ ಚಿಕ್ಕದು. ಸ್ವಲ್ಪ ಸ್ವಲ್ಪವಾಗಿ ಬಹುಹೊತ್ತು ಮೇಯುತ್ತಲೇ ಇರಬೇಕು. ಅದಕ್ಕೆ ವಾಂತಿ ಮಾಡಲಾಗದು. ಆದ್ದರಿಂದ ಹೊಟ್ಟೆಶೂಲೆ ಬಂದರೆ ಪ್ರಾಣಕ್ಕೇ ಸಂಚಕಾರ. ಹುರುಳಿ ನಮ್ಮ ಹೊಲಗಳಲ್ಲಿ ಬೆಳೆಯುತ್ತದೆ. ಅದನ್ನು ಬೇಯಿಸಿ ಕುದುರೆಗೆ ಹಾಕುವ ವಾಡಿಕೆಯಿಂದಲೇ ಇಂಗ್ಲಿಷರು ಅದಕ್ಕೆ ಕುದುರೆಯ ಕಾಳೆಂದು ಹೆಸರಿಟ್ಟರು. ಮೇವಿಗಿಂತ ನೀರಿನದೇ ಚಿಂತೆ. ಒಂದು ಕುದುರೆಗೆ ದಿನಕ್ಕೆ ಇಪ್ಪತ್ತೈದು ಲೀಟರಿಗೂ ಮಿಗಿಲಾಗಿ ನೀರು ಬೇಕು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯನ್ನು ನಂಬಿ ಹೊರಡುವಂತಿಲ್ಲ. ಕೊಳವೆಬಾವಿಯಿರುವ ಊರನ್ನೇ ತಂಗುದಾಣವಾಗಿ ಆರಿಸಬೇಕು. ಭಾರದ ವಿಷಯವೂ ಉಂಟು: ಜೀನೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂಬುದು ಬಲ್ಲವರ ಲೆಕ್ಕ. ಇನ್ನೂರೈವತ್ತು ಕಿಲೋ ತೂಗುವ ತಟ್ಟುವಿಗೆ ಐವತ್ತು ಕಿಲೋ. (ನಮ್ಮ ಉಪನ್ಯಾಸಕರಲ್ಲಿ ಕೆಲವರು ನಡೆದೇ ಬರಬೇಕಾದೀತು!)

ಶಿವಗಂಗೆಯ ಕಲ್ಲುಮೆಟ್ಟಿಲುಗಳಿಗೆ ಕುದುರೆ ಸಲ್ಲದು. ಮಾಕಳಿದುರ್ಗದ ಬಂಡೆಗಳಿಗೂ ಅಷ್ಟೆ. ಬುಡದ ಹಳ್ಳಿಯಲ್ಲಿ ಕಟ್ಟಿ, ಮೇಲಕ್ಕೆ ಕಾಲ್ನಡಿಗೆಯಲ್ಲಿ ಹೋಗಬೇಕು. ಇದೇ ಹಳ್ಳಿಗೆ ಅನುಕೂಲ. ಬೆಟ್ಟ ಹತ್ತಿಳಿದು ದಣಿದವನು ಅಲ್ಲಿಯೇ ಉಂಡು ಮಲಗುತ್ತಾನೆ.

ಎಲ್ಲಿ ಮಲಗುತ್ತಾನೆ? ಹಳೆಯ ಜಗಲಿಯನ್ನು ಹೊಗಳುವವರು ಬಹಳ. ದಾರಿಹೋಕನಿಗೆ ಅಲ್ಲಿ ಚಾಪೆಯೂ ಮುದ್ದೆಯೂ ಸಿಗುತ್ತಿದ್ದವೆನ್ನುವುದು ನಿಜ. ಆದರೆ ಅದಕ್ಕೆ ಮೊದಲು ಯಾವ ಜಾತಿಯೆಂದು ಕೇಳುತ್ತಿದ್ದರು. ನಮ್ಮ ಮುತ್ತಾತನವರು ಅಧಿಕಾರಿಗಳ ಕುದುರೆಗೆ ಹುಲ್ಲು ಹೊತ್ತು, ಲಗಾಮು ಹಿಡಿದು ಊರೂರು ನಡೆದವರು. ಕುದುರೆಗೆ ಊರೊಳಗೆ ಕೊಟ್ಟಿಗೆ ದೊರೆಯುತ್ತಿತ್ತು, ಅವರಿಗೆ ಊರಾಚೆಯ ಹುಣಸೆಮರ. ನಮ್ಮ ಮನೆಯಲ್ಲಿ ಇದನ್ನು ಈಗಲೂ ಹೇಳುತ್ತಾರೆ.

ಈ ಲೇಖನಕ್ಕಾಗಿ ನಾನು ಕೇಳುತ್ತಿದ್ದ ಪ್ರಶ್ನೆಗಳನ್ನು ಆಲಿಸಿದ ನಮ್ಮವ್ವ, “ಹುರುಳಿ ಬೇಯ್ಸಾಕೋದು ದೊಡ್ಡದಲ್ಲ ಕಣಪ್ಪ, ಬಂದೋರು ನಮ್ಮನೇಲಿ ಉಣ್ತಾರಾ?” ಎಂದರು. ಪ್ರವಾಸೋದ್ಯಮದ ಮಾತೆತ್ತುವವರು ದಾರಿ, ದರ, ನೋಂದಣಿಗಳನ್ನು ಚರ್ಚಿಸುತ್ತಾರೆ. ಈ ಪ್ರಶ್ನೆಯನ್ನು ಎತ್ತುವುದಿಲ್ಲ. ನನಗೆ ತೋರುವ ಏರ್ಪಾಡು ಇದು: ಅತಿಥಿಗಳನ್ನು ಯಾವುದೋ ಒಂದು ದೊಡ್ಡ ಮನೆಗೆ ಒಪ್ಪಿಸದೆ, ಊರಿನ ಎಲ್ಲ ಬೀದಿಗಳ ಒಪ್ಪುವ ಮನೆಗಳನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಸರದಿಯಂತೆ ಕಳುಹಿಸಬೇಕು. ಊಟಕ್ಕೂ ಹಾಸಿಗೆಗೂ ಎಲ್ಲ ಮನೆಗೂ ಒಂದೇ ದರ. ಮನೆಯನ್ನು ಆರಿಸುವ ಹಕ್ಕು ಬಂದವನಿಗಿರಬಾರದು. ಈ ಷರತ್ತನ್ನು ಅವನು ಹೊರಡುವ ಮುನ್ನವೇ, ಮುಂಗಡ ಹಣ ಪಡೆಯುವಾಗಲೇ ತಿಳಿಸಬೇಕು. ಕುದುರೆಯನ್ನು ನೋಡಿಕೊಳ್ಳುವವನ ಹಾಸಿಗೆಯೂ ಅದೇ ಮನೆಯಲ್ಲಿ, ಅದೇ ಸೂರಿನಡಿ.