ಲೋಹಶೋಧಕಕ್ಕೆ ತಕ್ಕ ಬ್ಯಾಟರಿ

ಕಳೆ ಕೀಳುವಾಗ ಹೊಲದಲ್ಲಿ ಜಾರಿಬಿದ್ದ ಕಾಲುಂಗುರವನ್ನು ಹುಡುಕಲು ಮನೆಯಲ್ಲಿಯೇ ಲೋಹಶೋಧಕವನ್ನು ಕಟ್ಟುವ ಮಾಗನೂರು ಸೀಮೆಯ ಉತ್ಸಾಹಿಗಳು ಮೊದಲು ಬ್ಯಾಟರಿಯ ವಿಚಾರ ಮಾಡಬೇಕು. ಬ್ಯಾಟರಿ ಸೊರಗಿದರೆ ಉಪಕರಣ ಮೂಕವಾಗುತ್ತದೆ; ಒಡವೆ ಕಾಲಡಿಯಲ್ಲಿದ್ದರೂ ಇಲ್ಲವೆಂದು ನಂಬಿ ನಾವು ಮುಂದೆ ಸಾಗುತ್ತೇವೆ.

ಉಪಕರಣಕ್ಕೆ 12 ವೋಲ್ಟ್ ಬೇಕು, ಅದು 150 ಮಿಲಿಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ ಎನ್ನೋಣ. 9 ವೋಲ್ಟಿನ ಪುಟ್ಟ ಚೌಕ ಬ್ಯಾಟರಿ ಇದಕ್ಕೆ ಸಾಲದು. 1.5 ವೋಲ್ಟಿನ ಎಂಟು ಪೆನ್ಸಿಲ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟ್ ದೊರೆಯುತ್ತದೆ. ಮರಳಿ ತುಂಬಿಸಬಹುದಾದ ನಿಕ್ಕಲ್ ಸೆಲ್ಲಿನದು 1.2 ವೋಲ್ಟ್ ಮಾತ್ರ. ಆದುದರಿಂದ ಹತ್ತು ಬೇಕು. ಸಾಲು ಉದ್ದವಾದರೆ ವೋಲ್ಟ್ ಹೆಚ್ಚುವುದೇ ಹೊರತು ಬಾಳಿಕೆಯಲ್ಲ. ಪ್ರತಿ ಸೆಲ್ಲು 2000 ಮಿಲಿಆಂಪಿಯರ್ ಗಂಟೆಯದಾದರೆ ಲೆಕ್ಕಕ್ಕೆ 13 ಗಂಟೆ. ಹತ್ತನ್ನೇ ನಂಬುವುದು ಲೇಸು. ಲಿಥಿಯಂ ಸೆಲ್ಲುಗಳು ಮೂರೇ ಸಾಕಾದರೂ, ರಕ್ಷಣಾ ಮಂಡಲವೂ ತಕ್ಕ ಚಾರ್ಜರೂ ಇಲ್ಲದಿದ್ದರೆ ಬೆಂಕಿಯ ಭಯವುಂಟು.

ವೋಲ್ಟನ್ನು ಉಪಕರಣ ನಡೆಯುತ್ತಿರುವಾಗಲೇ ಅಳೆಯಿರಿ. ಸುಮ್ಮನಿರುವ ಬ್ಯಾಟರಿ ಸುಳ್ಳು ಹೇಳುತ್ತದೆ.

ಸಮೀಪದ ಮುಡುಮಾಲಿನ ನಿಲುಗಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಅಂತಹ ನೆಲವನ್ನು ಕೆದಕದೆ, ನಮ್ಮ ಶೋಧವು ನಮ್ಮ ಹೊಲದ ಬದುವಿನೊಳಗೇ ಇರಲಿ.